ನಾಲ್ಕನೇ ನಂಬರಿನ ಹಿಂದಿನ ಆಕ್ಸಲ್

ನೀರು ಸರಬರಾಜು ಡಿಪೋದ ಹಿಂಭಾಗದಲ್ಲಿ, ತಗಡಿನ ಸೂರಿನ ಕೆಳಗೆ, ಸೊಂಟದೆತ್ತರದ ಒಂದು ಕಬ್ಬಿಣದ ತೊಟ್ಟಿ ಇದೆ. ಅದರ ತುಂಬ ಡೀಸೆಲ್ಲು. ಯಾವ ಗಾಡಿ ಬಿಚ್ಚಿದರೂ ಅದರ ಭಾಗಗಳೆಲ್ಲ ತೊಳೆಯಲು ಮೊದಲು ಬಂದು ಬೀಳುವುದು ಈ ತೊಟ್ಟಿಗೆ. ಅದರ ಪಕ್ಕದಲ್ಲಿ ಮೂವತ್ತು ವರ್ಷದಿಂದ ಮೊಣಕೈವರೆಗೆ ಮಸಿ ಮೆತ್ತಿಕೊಂಡು ನಿಂತವರು ನಮ್ಮ ತೊಟ್ಟಿಯಮ್ಮ. ರಜೆ ಹಾಕಿದ್ದ ಯಾರದೋ ಬದಲಿಗೆ ಹದಿನೈದು ದಿನದ ಮಟ್ಟಿಗೆ ಅಂತ ಬಂದವರು. ಆ ಪುಣ್ಯಾತ್ಮ ವಾಪಸು ಬರಲೇ ಇಲ್ಲ, ಇವರು ಹೋಗಲೇ ಇಲ್ಲ.

ಓದಿದ್ದು ನಾಲ್ಕನೇ ಕ್ಲಾಸು. ಭಾಗಾಕಾರದ ಪಾಠ ಬರುವ ಹೊತ್ತಿಗೆ ಶಾಲೆ ಬಿಟ್ಟಾಗಿತ್ತು. ಅದನ್ನು ಕಲಿಸಿದವರು ಡಿಪೋದ ಹಳೆಯ ಮೇಸ್ತ್ರಿ, ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಪಿಕಪ್ ಗಾಡಿಯ ಹಿಂದಿನ ಆಕ್ಸಲ್‌ನ ನಡುವೆ ದೊಡ್ಡ ಗಡಿಗೆಯಂಥದ್ದು ಇರುತ್ತದಲ್ಲ, ಅದರೊಳಗೆ ಒಂದು ದೊಡ್ಡ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡು ಒಂದು ಸಣ್ಣ ಹಲ್ಲುಚಕ್ರ. ಮೇಸ್ತ್ರಿ ಎರಡನ್ನೂ ತೊಟ್ಟಿಗೆ ಹಾಕಿ ಹೇಳುತ್ತಿದ್ದರು: "ತೊಳೀತಾ ಹಲ್ಲು ಎಣಿಸಮ್ಮ. ದೊಡ್ಡದ್ರಲ್ಲಿ ನಲವತ್ತೊಂದು, ಸಣ್ಣದ್ರಲ್ಲಿ ಹತ್ತು ಇದ್ರೆ, ಭಾಗಿಸು. ನಾಲ್ಕು, ಮೇಲೆ ಚೂರು. ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಇಂಜಿನ್ ಕಡೆಯಿಂದ ಬರೋ ಶಾಫ್ಟು ನಾಲ್ಕು ಸುತ್ತು ಬರ್ಬೇಕು. ಅದು ಭಾರ ಎಳೆಯೋ ಗಾಡಿ. ಮೂರು ಬಂದ್ರೆ ಓಡೋ ಗಾಡಿ. ಏರು ಹತ್ತು ಅಂದ್ರೆ ಮುಖ ಸಿಂಡರಿಸುತ್ತೆ."

ಅಷ್ಟೇ ಸಾಕಾಯಿತು. ತೊಟ್ಟಿಯಮ್ಮ ಆಕ್ಸಲ್ ವಿದ್ಯೆಯನ್ನು ಅರೆದು ಕುಡಿದರು. ಹಿಂದಿನ ಮುಚ್ಚಳ ಪೂರ್ತಿ ದುಂಡಗಿದ್ದರೆ ಯಾವ ಫ್ಯಾಕ್ಟರಿಯದು, ಒಂದು ಮೂಲೆ ಕತ್ತರಿಸಿದಂತಿದ್ದರೆ ಯಾವುದು, ಬೋಲ್ಟು ಹತ್ತಿದ್ದರೆ ಎಷ್ಟು ಭಾರ ತಡೆಯುತ್ತದೆ, ಹದಿನಾಲ್ಕಿದ್ದರೆ ಎಷ್ಟು, ಎಲ್ಲ ಬಾಯಿಪಾಠ. ಕಪ್ಪು ಡೀಸೆಲ್ಲಿನೊಳಗೆ ಕೈ ಇಳಿಸಿ, ಕಣ್ಣಿನಿಂದ ನೋಡದೆ, "ಇದು ಆರನೇ ನಂಬರಿಂದು, ಎಡಗಡೆ ಅಂಚು ಕಚ್ಚಿದೆ" ಎನ್ನುವರು. ಇವರ ಒಂದೇ ಒಂದು ಜಂಬ ಎಂದರೆ, ಮೂವತ್ತು ವರ್ಷದಲ್ಲಿ ಒಂದು ಗಾಡಿಯ ನಟ್ಟು ಇನ್ನೊಂದು ಗಾಡಿಗೆ ಹೋಗಿಲ್ಲ ಎನ್ನುವುದು. ದಿನಕ್ಕೆರಡು ಸಲವಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಇಂಥವರ ಮನೆಗೆ ಸೊಸೆಯಾಗಿ ಬಂದವಳು ಡ್ರೈವರ್ ಆಗಬೇಕೇ! ಆದಳು. ಲೈಸೆನ್ಸ್ ಮಾಡಿಸಿ, ಪರೀಕ್ಷೆ ಕೊಟ್ಟು, ಅದೇ ಡಿಪೋಗೆ ಸೇರಿದಳು. ಡಿಪೋದಲ್ಲಿ ಏಳು ಹಳೆಯ ಪಿಕಪ್‌ಗಳಿವೆ, ಏಳೂ ಒಂದೇ ಫ್ಯಾಕ್ಟರಿಯವು, ಪ್ರತಿಯೊಂದರ ಬೆನ್ನ ಮೇಲೂ ನೀರಿನ ಟ್ಯಾಂಕು. ಪೈಪು ಹತ್ತದ ಮೇಲಿನ ಗುಡ್ಡದ ಮನೆಗಳಿಗೆ ನೀರು ಒಯ್ಯುವ ದಾರಿ ಎಂದರೆ ಹಳೆಯ ಡ್ರೈವರ್‌ಗಳೆಲ್ಲ ಮೂಗು ಮುರಿಯುತ್ತಿದ್ದರು. ಸೊಸೆ ತಾನಾಗಿ ಕೇಳಿ ಆ ದಾರಿಯನ್ನು ತೆಗೆದುಕೊಂಡಳು. ಕೊಟ್ಟಿದ್ದು ನಾಲ್ಕನೇ ನಂಬರ್ ಗಾಡಿ. ಇದೆಲ್ಲ ಆಗಿ ಎಂಟು ತಿಂಗಳು.

ಎಂಟು ತಿಂಗಳಲ್ಲಿ ಮೂರು ಕ್ಲಚ್ ಪ್ಲೇಟು ಸುಟ್ಟು ಕರಕಲಾದವು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಗಾಡಿ ಗಬ್ಬು ವಾಸನೆ ಬಿಡುತ್ತಿತ್ತು. ಎರಡು ಸಲ ನೀರಿನ ಸಮೇತ ನಡುದಾರಿಯಲ್ಲೇ ನಿಂತುಹೋಯಿತು. ಈಗಿನ ಮೇಸ್ತ್ರಿ ಒಳ್ಳೆಯವನೇ, ಆದರೆ ಅವಸರದವನು. ಕ್ಲಚ್ ಬಿಚ್ಚಿದ, ಹಾಕಿದ, ಮೂರನೇ ಸಲ ವರದಿ ಬರೆದು ಕೈ ತೊಳೆದುಕೊಂಡ: ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತಾಳೆ. ಶುಕ್ರವಾರ ಹತ್ತು ಗಂಟೆಗೆ ಮುಖ್ಯ ಕಚೇರಿಯಿಂದ ಸಾಹೇಬರು ವಿಚಾರಣೆಗೆ ಬರುತ್ತಾರೆ, ತಪ್ಪು ಡ್ರೈವರ್‌ದೇ ಎಂದಾದರೆ ಅವಳನ್ನು ಸ್ಟೇರಿಂಗ್‌ನಿಂದ ಇಳಿಸಿ ನೀರಿನ ಚೀಟಿ ಬರೆಯುವ ವಿಭಾಗಕ್ಕೆ ಹಾಕುತ್ತಾರೆ ಎಂದು ಆದೇಶ ಬಂತು.

ಅತ್ತೆಗೆ ಒಳಗೊಳಗೇ ಖುಷಿಯಾಗಿರಬೇಕು ಎಂದು ಡಿಪೋ ಲೆಕ್ಕ ಹಾಕಿತ್ತು. ಅದೂ ಪೂರ್ತಿ ಸುಳ್ಳಲ್ಲ ಅನ್ನಿ. ಬಾಗಿಲಿಗೆ ಅಡ್ಡ ಚಪ್ಪಲಿ ಬಿಡುತ್ತಾಳೆ, ಗ್ರೀಸ್ ಬಟ್ಟೆಯನ್ನು ಹಾಸಿಗೆ ಮೇಲೆ ಒಗೆಯುತ್ತಾಳೆ ಎಂದು ಮನೆಯಲ್ಲಿ ಇಬ್ಬರಿಗೂ ದಿನಾ ಜಟಾಪಟಿ. ಆದರೆ ಬುಧವಾರ ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸೊಸೆ ತನ್ನ ಎಡಗಾಲನ್ನೇ ದಿಟ್ಟಿಸುತ್ತಿದ್ದಳು. ಒಳಕೋಣೆಯಲ್ಲಿ ಅವಳ ಗಂಡ ಹೊಲಿಗೆ ಮಿಷನ್ ನಿಲ್ಲಿಸಿ ಕಿವಿಗೊಟ್ಟಿದ್ದ.

"ಅತ್ತೆ, ಈ ಕಾಲೇ ಸರಿ ಇಲ್ಲ ಅನ್ಸತ್ತೆ. ನಾನು ಪೆಡಲ್ ಬಿಟ್ಟೇ ಓಡಿಸ್ತೀನಿ ಅಂದ್ಕೊಂಡಿದ್ದೆ. ಎಲ್ಲರೂ ಹೇಳ್ತಾರೆ ಅಂದ್ಮೇಲೆ ಗೊತ್ತಿಲ್ದೆ ಒತ್ತುತಾ ಇರ್ಬೇಕು. ಬಿಡಿ, ಚೀಟೀನೇ ಬರೀತೀನಿ."

ಜಗಳ ಆಡುವ ಸೊಸೆಯನ್ನು ತಡೆದುಕೊಳ್ಳಬಹುದು. ಹೀಗೆ ಸೋತು ಕೂತವಳನ್ನು ತೊಟ್ಟಿಯಮ್ಮನಿಂದ ನೋಡಲಾಗಲಿಲ್ಲ.

"ಥೂ, ಬಾಯ್ಮುಚ್ಚೇ! ಕಾಲಂತೆ ಕಾಲು! ಎದ್ದು ಊಟ ಮಾಡು" ಎಂದು ಗದರಿದರು. ಮುಂದೆ ಏನು ಮಾಡಬೇಕೋ ಅವರಿಗೂ ತೋಚಲಿಲ್ಲ.

ಗುರುವಾರ ಬೆಳಿಗ್ಗೆ ತೊಟ್ಟಿಯ ಪಕ್ಕದ ಬೆಂಚಿನ ಮೇಲೆ ಚಹಾ ಕುಡಿಯಲು ಹಾರನ್ ಮಾಮ ಬಂದ. ಡಿಪೋದ ಹಿರಿಯ ಡ್ರೈವರ್. ಖಾಲಿ ರಸ್ತೆಯಲ್ಲೂ ಹಾರನ್ ಬಾರಿಸುವ ಚಟ, ಅದಕ್ಕೇ ಆ ಹೆಸರು. ಸೊಸೆಗಿಂತ ಮುಂಚೆ ಐದು ವರ್ಷ ನಾಲ್ಕನೇ ನಂಬರನ್ನು ಓಡಿಸಿದವನು ಅವನೇ, ಕೆಳಗಿನ ಸಮತಟ್ಟು ಬಡಾವಣೆಗಳಲ್ಲಿ.

"ಚಿನ್ನದಂಥ ಗಾಡಿ ಅಮ್ಮಾ ಅದು. ನೇರ ರಸ್ತೇಲಿ ಬಿಟ್ರೆ ಈ ಏಳರಲ್ಲಿ ಯಾವುದೂ ನನ್ನ ಹಿಡೀತಿರ್ಲಿಲ್ಲ. ಇಂಜಿನ್ ಸದ್ದೇ ಇಲ್ಲ! ಬೇರೆಯವ್ರ ಗಾಡಿ ಅದೇ ಸ್ಪೀಡಲ್ಲಿ ಬೊಬ್ಬೆ ಹೊಡೀತಿದ್ರೆ, ನಂದು ಗೊಣಗ್ತಾನೂ ಇರ್ಲಿಲ್ಲ. ನಿಮ್ಮ ಸೊಸೆ ಕೈಗೆ ಬಂದು ಹಾಳಾಯ್ತು ನೋಡಿ" ಎಂದ.

ತೊಟ್ಟಿಯಮ್ಮನ ಕೈ ಡೀಸೆಲ್ಲಿನೊಳಗೇ ನಿಂತಿತು.

"ಇಂಜಿನ್ ಸದ್ದೇ ಇರ್ಲಿಲ್ವಾ?"

"ಆಣೆ ಮಾಡಿ ಹೇಳ್ತೀನಿ."

ಏಳಕ್ಕೆ ಏಳೂ ಗಾಡಿ ನಾಲ್ಕು ಸುತ್ತಿನ ಲೆಕ್ಕದವು. ಒಂದೇ ಇಂಜಿನ್ನು, ಒಂದೇ ಗೇರ್ ಬಾಕ್ಸು, ಒಂದೇ ಅಳತೆಯ ಟೈರು. ಹಾಗಿದ್ದಮೇಲೆ ಒಂದು ಮಾತ್ರ ಸದ್ದಿಲ್ಲದೆ ಓಡಬೇಕಾದರೆ ಶಾಫ್ಟು ಕಡಿಮೆ ಸುತ್ತಬೇಕು. ಶಾಫ್ಟು ಕಡಿಮೆ ಸುತ್ತಬೇಕಾದರೆ ಹಿಂದಿನ ಹಲ್ಲು ಬೇರೆ ಇರಬೇಕು! ಅಯ್ಯೋ, ಇಷ್ಟು ದಿನ ಎಲ್ಲರೂ ಕ್ಲಚ್ಚನ್ನೇ ನೋಡಿದರು, ಕಾಲನ್ನೇ ನೋಡಿದರು, ಹಿಂದೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

ಕೈ ಒರೆಸಿಕೊಳ್ಳದೆ ಓಡಿಹೋಗಿ ನಾಲ್ಕನೇ ನಂಬರಿನ ಕೆಳಗೆ ತೂರಿದರು. ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ್ದ ಫ್ಯಾಕ್ಟರಿಯ ತಗಡಿನ ಬಿಲ್ಲೆ ಕಂಡಿತು. ಒರೆಸಿ ಓದಿದರು. ನಲವತ್ತೊಂದು, ಹತ್ತು. ಅಲ್ಲಿಗೆ ಉಸಿರೇ ಇಳಿದುಹೋಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಬಿಲ್ಲೆಯ ತಂತಿ. ಬೋಲ್ಟಿನ ಜೊತೆಗೆ ಒಂದು ಸಣ್ಣ ತಾಮ್ರದ ತಂತಿಯನ್ನೂ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಮಡಚಿದ್ದಾರೆ. ಬಿಲ್ಲೆ ಕಳೆದುಹೋಗಬಾರದು ಅಂತ ಹಾಗೆ ಕಟ್ಟುವವರು ಇಡೀ ಡಿಪೋದಲ್ಲಿ ಒಬ್ಬರೇ. ಅದು ಅವರದೇ ಗಂಟು.

ಎಲ್ಲ ನೆನಪಾಯಿತು. ಆರು ವರ್ಷದ ಹಿಂದೆ ನಾಲ್ಕನೇ ನಂಬರಿನ ಆಕ್ಸಲ್ ಬಿರುಕು ಬಿಟ್ಟಿತ್ತು. ಗುಜರಿಗೆ ಹೋಗಲಿದ್ದ ಅದೇ ಫ್ಯಾಕ್ಟರಿಯ ಬೇರೊಂದು ಪಿಕಪ್‌ನಿಂದ ಇಡೀ ಆಕ್ಸಲ್ ಇಳಿಸಿಕೊಂಡು ಬಂದರು. ಹೊರಗಿನಿಂದ ಎರಡೂ ಒಂದೇ. ಬಂದದ್ದರ ಮುಚ್ಚಳ ತುಕ್ಕು ಹಿಡಿದು ತೂತಾಗಿತ್ತು. "ನಮ್ಮ ಮುಚ್ಚಳಾನೇ ಗಟ್ಟಿಯಾಗಿದೆ, ಇದನ್ನೇ ಹಾಕಿ" ಎಂದು ಹಳೆಯದನ್ನು ಫಳಫಳ ಹೊಳೆಯುವಂತೆ ತೊಳೆದು ಕೊಟ್ಟವರು ತೊಟ್ಟಿಯಮ್ಮ. ಅದರ ಬಿಲ್ಲೆಯನ್ನು ಜೋಪಾನವಾಗಿ ಮತ್ತೆ ಕಟ್ಟಿದವರೂ ಅವರೇ. ಹಳೆಯ ಆಕ್ಸಲ್‌ನ ಬಿಲ್ಲೆ ಮುಚ್ಚಳದ ಬೆನ್ನಿಗೇ ಹೊಸ ಆಕ್ಸಲ್‌ಗೆ ಬಂದುಬಿಟ್ಟಿತ್ತು. ಒಳಗಿನ ಹಲ್ಲನ್ನು ಆವತ್ತು ಯಾರೂ ಎಣಿಸಲಿಲ್ಲ.

ಗಾಡಿಯ ಕೆಳಗೆ ಅಂಗಾತ ಮಲಗಿ ತೊಟ್ಟಿಯಮ್ಮ ತಮಗೆ ತಾವೇ ಬೈದುಕೊಂಡರು. ಒಂದು ನಟ್ಟು ಆಚೀಚೆ ಆಗಿಲ್ಲ ಎಂದು ಮೂವತ್ತು ವರ್ಷ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು! ಈಗ ಸೊಸೆಯನ್ನು ಉಳಿಸಬೇಕಾದರೆ ಆ ಜಂಬವನ್ನು ಎಲ್ಲರೆದುರು ಚರಂಡಿಗೆ ಚೆಲ್ಲಬೇಕು. ಚೆಲ್ಲೋಣ, ಆದರೆ ಮೊದಲು ಗಾಡಿ ಬಾಯಿ ಬಿಡಲಿ ಎಂದುಕೊಂಡು ಮೇಲೆದ್ದರು.

ಶುಕ್ರವಾರ ಹತ್ತಕ್ಕೆ ಸಾಹೇಬರು ಬಂದರು. ತೆಳ್ಳನೆಯ ಮನುಷ್ಯ, ಕೈಯಲ್ಲಿ ಫೈಲು. ಮೇಸ್ತ್ರಿ, ಹಾರನ್ ಮಾಮ, ಉಳಿದ ಡ್ರೈವರ್‌ಗಳು ಸುತ್ತ ನಿಂತರು. ಸೊಸೆ ಕಂಬಕ್ಕೊರಗಿ ನೆಲ ನೋಡುತ್ತಿದ್ದಳು.

"ಸಾಹೇಬ್ರೇ, ಒಂದು ಮಾತು. ಗಾಡಿ ಹಿಂದಿನ ಆಕ್ಸಲ್ ತಪ್ಪಿದೆ. ಇದು ಏರು ಹತ್ತೋ ಆಕ್ಸಲ್ ಅಲ್ಲ" ಎಂದರು ತೊಟ್ಟಿಯಮ್ಮ.

ಸಾಹೇಬರು ಡ್ರೈವರ್ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಫ್ಯಾಕ್ಟರಿಯ ಫಲಕದ ಗುರುತನ್ನು ಓದಿ, ಪುಸ್ತಕ ತಿರುವಿ ನೋಡಿದರು. "ನಾಲ್ಕು ಪಾಯಿಂಟ್ ಒಂದು ಅಂತಿದೆಯಲ್ಲಮ್ಮ?"

"ಬಿಲ್ಲೇಲೂ ಅದೇ ಇದೆ ಸಾರ್" ಎಂದ ಮೇಸ್ತ್ರಿ.

"ಫಲಕ ಫ್ಯಾಕ್ಟರೀಲಿ ಹಾಕಿದ್ದು. ಆಮೇಲೆ ಆಕ್ಸಲ್ ಬದಲಾಗಿದೆ. ಚಕ್ರ ತಿರುಗಿಸಿ ಎಣಿಸೋಣ, ಹತ್ತು ನಿಮಿಷದ ಕೆಲಸ. ಒಂದು ಕಡೆ ಜಾಕಿ ಕೊಟ್ಟು ಚಕ್ರ ಎತ್ತು ಮೇಸ್ತ್ರಿ, ನಾನು ಸೀಮೆಸುಣ್ಣ ತರ್ತೀನಿ."

ಸ್ಟೋರಿನಿಂದ ಸೀಮೆಸುಣ್ಣ ಹಿಡಿದು ಬರುವಷ್ಟರಲ್ಲಿ ಗಾಡಿ ಎದ್ದಿತ್ತು. ತೊಟ್ಟಿಯಮ್ಮ ಅದೇ ಆವೇಶದಲ್ಲಿ ಟೈರಿಗೊಂದು ಗೆರೆ, ಶಾಫ್ಟಿಗೊಂದು ಗೆರೆ ಎಳೆದು, ಕೆಳಗೆ ತೂರಿ ಕೂಗಿದರು: "ಗೇರ್ ನ್ಯೂಟ್ರಲ್ಲಿರ್ಲಿ. ಚಕ್ರಾನ ಸರಿಯಾಗಿ ಎರಡು ಸುತ್ತು ತಿರುಗಿಸು!" ಒಂದು ಚಕ್ರ ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದರೆ, ಎತ್ತಿದ ಚಕ್ರದ ಎರಡು ಸುತ್ತೇ ಆಕ್ಸಲ್‌ನ ಒಂದು ಸುತ್ತು. ಅದು ಹಳೆಯ ಮೇಸ್ತ್ರಿ ಹೇಳಿಕೊಟ್ಟ ಲೆಕ್ಕ.

ಮೇಸ್ತ್ರಿ ತಿರುಗಿಸಿದ. ಶಾಫ್ಟಿನ ಗೆರೆ ಸುತ್ತಿತು. ಒಂದು. ಎರಡು. ಮೂರು. ನಿಲ್ಲಲಿಲ್ಲ. ನಾಲ್ಕು, ಮೇಲೆ ಚೂರು.

"ಎಷ್ಟಮ್ಮಾ?" ಎಂದರು ಸಾಹೇಬರು.

ತೊಟ್ಟಿಯಮ್ಮ ಗೆರೆಯನ್ನು ಮತ್ತೊಮ್ಮೆ ನೋಡಿದರು. "ನಾಲ್ಕು... ಮೇಲೆ ಚೂರು."

ಹಾರನ್ ಮಾಮ ಗಹಗಹಿಸಿ ನಕ್ಕ. "ಸೊಸೆ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತಿರ್ಲಿಲ್ಲ ಬಿಡಿ!" ಯಾರೋ ಕಿಸಕ್ಕೆಂದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಸೊಸೆ ಕಂಬದಿಂದ ಸರಿದು, ಬಗ್ಗಿ, ಮೆಲ್ಲನೆ ಹೇಳಿದಳು: "ಸಾಕು ಅತ್ತೆ. ಬನ್ನಿ ಹೊರಗೆ."

ತೊಟ್ಟಿಯಮ್ಮ ಹೊರಗೆ ಬರಲು ದನಿ ಬಂದ ಕಡೆಗೆ ಹೊರಳಿದರು. ಹೊರಳಿದವರ ಕಣ್ಣ ಮುಂದೆಯೇ ಆಚೆ ಬದಿಯ ಚಕ್ರ ಗಾಳಿಯಲ್ಲಿ ಸಣ್ಣಗೆ ತೂಗುತ್ತಿತ್ತು. ನೆಲಕ್ಕೂ ಅದಕ್ಕೂ ನಾಲ್ಕು ಬೆರಳು ಅಂತರ.

"ಲೋ ಮೇಸ್ತ್ರಿ!" ತೊಟ್ಟಿಯಮ್ಮ ಅಲ್ಲಿಂದಲೇ ಅಬ್ಬರಿಸಿದರು. "ಎರಡೂ ಚಕ್ರ ಯಾಕೋ ಎತ್ತಿದ್ದೀಯಾ?"

"ತಿರುಗಿಸೋಕೆ ಸುಲಭ ಆಗ್ಲಿ ಅಂತ..."

"ಸುಲಭವಂತೆ! ನೀನು ಈ ಚಕ್ರ ತಿರುಗಿಸಿದ್ರೆ ಅದೂ ಜೊತೆಗೆ ಒಂದಿಷ್ಟು ಉರುಳಿದೆ. ಅದು ಉರುಳಿದ್ದೂ ಶಾಫ್ಟಿನ ಲೆಕ್ಕಕ್ಕೆ ಸೇರ್ಕೊಂಡಿದೆ. ಇಳಿಸು ಆ ಕಡೆದನ್ನ! ಅಡ್ಡ ಕಲ್ಲು ಕೊಡು! ಸಾಹೇಬ್ರೇ, ಪೆನ್ನು ಮುಚ್ಚಿಡಿ. ನೀವೇ ಬಗ್ಗಿ ಎಣಿಸಿ, ನಾನು ಎಣಿಸಲ್ಲ."

ಸಾಹೇಬರು ಪೆನ್ನು ಮುಚ್ಚಿದರು. ಅಷ್ಟೇ ಅಲ್ಲ, ಫೈಲನ್ನು ಹಾರನ್ ಮಾಮನ ಕೈಗೆ ಕೊಟ್ಟು, ಪ್ಯಾಂಟು ಮೊಣಕಾಲಿಗೆ ಎತ್ತಿ, ನೆಲದ ಮೇಲೆ ಕೂತೇಬಿಟ್ಟರು. ಆಚೆ ಚಕ್ರ ಇಳಿಯಿತು, ಕಲ್ಲು ಬಿತ್ತು. ಈ ಸಲ ಚಕ್ರ ತಿರುಗಿಸಿದವಳು ಸೊಸೆ. ಯಾರೂ ಹೇಳಿರಲಿಲ್ಲ, ಬಂದು ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ ಟೈರು ಹಿಡಿದಳು. ಎರಡು ಸುತ್ತು.

"ಒಂದು... ಎರಡು... ಮೂರು..." ಸಾಹೇಬರು ಎಣಿಸಿದರು. ಗೆರೆ ಇನ್ನೊಂದು ಬೆರಳಿನಷ್ಟು ಸರಿದು ನಿಂತಿತು. "ಮೂರು. ಮೇಲೊಂದು ಚೂರು." ಇನ್ನೊಮ್ಮೆ ಮಾಡಿಸಿದರು. ಮತ್ತೆ ಮೂರು, ಮೇಲೊಂದು ಚೂರು.

"ಮುಚ್ಚಳ ಬಿಚ್ಚಿ" ಎಂದರು.

ಹತ್ತು ಬೋಲ್ಟು ಸಡಿಲಾದವು. ಕಪ್ಪು ಎಣ್ಣೆ ಬಾಂಡ್ಲಿಗೆ ಬಿತ್ತು. ತೊಟ್ಟಿಯಮ್ಮ ಕೈ ತೂರಿಸಿ ದೊಡ್ಡ ಹಲ್ಲುಚಕ್ರದ ಅಂಚನ್ನು ಬಟ್ಟೆಯಿಂದ ಒರೆಸಿ, ಮೆಲ್ಲಗೆ ತಿರುಗಿಸುತ್ತ ಹೋದರು. ಫ್ಯಾಕ್ಟರಿಯವರು ಕಬ್ಬಿಣದ ಮೇಲೇ ಒತ್ತಿದ ಅಂಕಿಗಳು ಮೇಲೆ ಬಂದವು. ಸಾಹೇಬರು ಟಾರ್ಚ್ ಹಿಡಿದು ಗಟ್ಟಿಯಾಗಿ ಓದಿದರು: "ಮೂವತ್ತೇಳು. ಹನ್ನೆರಡು."

"ಭಾಗಿಸಿ ಸಾಹೇಬ್ರೇ" ಎಂದರು ತೊಟ್ಟಿಯಮ್ಮ. "ಮೂರು, ಮೇಲೊಂದು ಚೂರು. ಇಂಥ ಗಾಡೀನ ಟ್ಯಾಂಕ್ ತುಂಬ ನೀರು ಹೊರಿಸಿ ಎಂಟು ತಿಂಗಳು ಆ ಏರು ಹತ್ತಿಸಿದ್ದಾಳೆ ನನ್ನ ಸೊಸೆ! ಬರೀ ಮೂರು ಪ್ಲೇಟ್ ಸುಟ್ಟಿದ್ದಾಳೆ. ನಮ್ಮ ಹಾರನ್ ಮಾಮ ಆಗಿದ್ರೆ ಮೂವತ್ತು ಸುಡ್ತಿದ್ದ!"

ಡಿಪೋ ಗೊಳ್ಳೆಂದಿತು. ಹಾರನ್ ಮಾಮನೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ, ಪಾಪ.

ನಗು ಇಳಿದ ಮೇಲೆ ಸಾಹೇಬರು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಕೇಳಿದರು. "ಹಾಗಾದ್ರೆ ಈ ಸುಳ್ಳು ಬಿಲ್ಲೆ ಇಲ್ಲಿಗೆ ಕಟ್ಟಿದ್ದು ಯಾರು?"

"ಆರು ವರ್ಷದ ಹಿಂದಿಂದು ಅಂದ್ರೆ ಹಳೇ ಮೇಸ್ತ್ರೀನೇ ಇರ್ಬೇಕು ಸಾರ್" ಎಂದ ಹಾರನ್ ಮಾಮ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಎದುರಿಗಿಲ್ಲದವರ ತಲೆಗೆ ಕಟ್ಟುವುದು ಎಷ್ಟು ಸುಲಭ ನೋಡಿ! ಸಾಹೇಬರೂ ಅದನ್ನೇ ಬರೆಯಲು ಪೆನ್ನು ತೆಗೆದರು. ತೊಟ್ಟಿಯಮ್ಮ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಲು ಒಂದು ಗಳಿಗೆ ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

"ಅವರಲ್ಲ. ನಾನು" ಎಂದರು. "ಹಳೇ ಮುಚ್ಚಳ ತೊಳೆದು ಕೊಟ್ಟಿದ್ದು ನಾನು, ಬಿಲ್ಲೆ ಕಟ್ಟಿದ್ದೂ ನಾನು. ತಾಮ್ರದ ತಂತಿ ನೋಡಿ, ಆ ಗಂಟು ನಂದೇ. ಹಲ್ಲು ಎಣಿಸಿ ಕಟ್ಟಬೇಕಿತ್ತು, ಎಣಿಸ್ಲಿಲ್ಲ. ನನ್ನ ಹೆಸರೇ ಬರ್ಕೊಳ್ಳಿ."

ಸಾಹೇಬರು ಆ ತಂತಿಯ ಗಂಟನ್ನು ತಿರುಗಿಸಿ ನೋಡಿ, ಬರೆದರು. ಬರೆದದ್ದನ್ನು ಓದಿಯೂ ಹೇಳಿದರು: ಡ್ರೈವರ್‌ದು ಏನೂ ತಪ್ಪಿಲ್ಲ. ಬಿಲ್ಲೆ ಅದಲುಬದಲಾದದ್ದು ತೊಟ್ಟಿಯಲ್ಲಿ, ಅದನ್ನು ಕಂಡುಹಿಡಿದದ್ದೂ ತೊಟ್ಟಿಯವರೇ. ಇನ್ನು ಮುಂದೆ ಈ ಡಿಪೋದಲ್ಲಿ ಯಾವ ಆಕ್ಸಲ್ ಏರಿಸಬೇಕಾದರೂ ಮೊದಲು ತೊಟ್ಟಿಯಮ್ಮ ಹಲ್ಲು ಎಣಿಸಿ ಸಹಿ ಹಾಕಬೇಕು. ಮೇಸ್ತ್ರಿ ತಲೆ ಕೆರೆದುಕೊಂಡು, "ನಂಗೂ ಆ ಎರಡು ಸುತ್ತಿನ ಲೆಕ್ಕ ಹೇಳ್ಕೊಡಿ ಅಮ್ಮ" ಎಂದ. "ನಾಳೆ ಬಾ, ಮೊದಲು ತೊಟ್ಟೀಲಿ ಕೈ ಅದ್ದು" ಎಂದರು.

ಸ್ಟೋರಿನಲ್ಲಿ ಬಿದ್ದಿದ್ದ ಇನ್ನೊಂದು ಆಕ್ಸಲ್‌ನ ಹಲ್ಲನ್ನು ತೊಟ್ಟಿಯಮ್ಮ ಮೂರು ಸಲ ಎಣಿಸಿದರು. ನಲವತ್ತೊಂದು, ಹತ್ತು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅದು ನಾಲ್ಕನೇ ನಂಬರಿನ ಕೆಳಗೆ ಕೂತಿತ್ತು, ಹೊಸ ಕ್ಲಚ್ ಪ್ಲೇಟೂ ಹತ್ತಿತ್ತು. ಟ್ಯಾಂಕ್ ತುಂಬಿಸಿದರು. "ನೀವೂ ಬನ್ನಿ" ಎಂದು ಸೊಸೆ ಪಕ್ಕದ ಬಾಗಿಲು ತೆಗೆದಳು. ಮೂವತ್ತು ವರ್ಷ ಗಾಡಿಗಳ ಭಾಗ ತೊಳೆದಿದ್ದ ತೊಟ್ಟಿಯಮ್ಮ ಡಿಪೋದ ಗಾಡಿಯೊಳಗೆ ಕೂತದ್ದು ಅದೇ ಮೊದಲು.

ಏರು ಶುರುವಾಯಿತು. ಅಕ್ಕಪಕ್ಕದ ಗೋಡೆಗಳು, ಮೆಟ್ಟಿಲುಗಳು, ಒಣಹಾಕಿದ ಬಟ್ಟೆಗಳು ನಿಧಾನಕ್ಕೆ ಹಿಂದೆ ಸರಿದವು. ಇಂಜಿನ್ ಜೋರಾಗಿ ಸದ್ದು ಮಾಡುತ್ತಿತ್ತು, ಮಾಡಬೇಕಾದದ್ದೇ ಹಾಗೆ. ಅರ್ಧ ಏರಿನಲ್ಲಿ, ಎರಡು ಸಲ ಗಾಡಿ ನಿಂತುಹೋಗಿದ್ದ ತಿರುವಿನಲ್ಲಿ, ಸೊಸೆ ಬೇಕೆಂದೇ ಬ್ರೇಕ್ ಒತ್ತಿ ನಿಲ್ಲಿಸಿದಳು.

"ಏನೇ ಇದು? ಬುದ್ಧಿ ಇದೆಯಾ ನಿಂಗೆ? ತುಂಬಿದ ಟ್ಯಾಂಕು!" ಎಂದು ತೊಟ್ಟಿಯಮ್ಮ ಮುಂದಿನ ಕಂಬಿ ಹಿಡಿದುಕೊಂಡರು.

ಸೊಸೆ ಮೊದಲ ಗೇರ್ ಹಾಕಿದಳು. ಎಡಗಾಲನ್ನು ಮೆಲ್ಲನೆ ಎತ್ತಿದಳು, ಪೂರ್ತಿ ಎತ್ತಿದಳು, ಪೆಡಲ್‌ನಿಂದ ತೆಗೆದು ಪಕ್ಕಕ್ಕಿಟ್ಟಳು. ಗಾಡಿ ಒಂದಿಷ್ಟೂ ಹಿಂದೆ ಸರಿಯದೆ, ಅದುರದೆ, ವಾಸನೆ ಬಿಡದೆ, ನೀರನ್ನು ಹೊತ್ತು ಮೇಲಕ್ಕೆ ಹೊರಟಿತು. ಹತ್ತು ಗಜ ಹೋಗಿ ಸೊಸೆ ಮತ್ತೆ ನಿಲ್ಲಿಸಿದಳು, ಮತ್ತೆ ಎತ್ತಿದಳು. ಮೂರನೇ ಸಲಕ್ಕೆ ಅವಳ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು, ಬಾಯಿ ತುಂಬ ನಗು.

"ಅತ್ತೆ, ನಾನು ಚೆನ್ನಾಗೇ ಓಡಿಸ್ತೀನಿ!"

"ಅದನ್ನ ನಂಗೇ ಹೇಳ್ತೀಯೇನೇ? ನಡಿ ನಡಿ, ಮೇಲೆ ಜನ ಕೊಡ ಹಿಡ್ಕೊಂಡು ಕಾಯ್ತಾ ಇದಾರೆ" ಎಂದು ತೊಟ್ಟಿಯಮ್ಮ ಸೆರಗಿನ ತುದಿಯಿಂದ ಮೊದಲು ಅವಳ ಕಣ್ಣು ಒರೆಸಿದರು, ಆಮೇಲೆ ತಮ್ಮದು.